ಏಳನೇ ಕ್ಯಾಸೆಟ್ಟಿನ ಖಾಲಿ ಜಾಗ

"ನೀವು ಹಾಡೂ ಮುಂದ ನಿಮ್ಮ ಹಿಂದ ಸೂರು ಯಾರು ಹಿಡದಿದ್ರು, ಭರಮಕ್ಕ?"

ಮಾಮು ಇಷ್ಟೇ ಕೇಳಿದ. ಮಸಗುಪ್ಪಿಯ ಆ ಸಣ್ಣ ಮನೆಯ ಕಟ್ಟೆಯ ಮೇಲೆ ಗೋವಿನಜೋಳದ ತೆನೆ ಬಿಡಿಸುತ್ತ ಕೂತಿದ್ದ ಭರಮವ್ವ ಕೈ ನಿಲ್ಲಿಸಲಿಲ್ಲ.

"ಬಸವಣ್ಣೆಪ್ಪ ಮಾಸ್ತರ. ಮತ್ತ್ಯಾರು ಹಿಡೀತಾರ? ನಾ ಸೊಲ್ಲು ಬಿಡೂದ ತಡ, ಎತ್ತಿ ಹಿಡೀತಿದ್ದ. ಆವತ್ತ ಹಿಡದಂಗ ಆಂವ ಮತ್ತೆಂದೂ ಹಿಡದಿಲ್ಲ."

"ಇಬ್ಬರೂ ಒಂದ ಖೋಲ್ಯಾಗ ಇದ್ರಿ?"

"ಒಂದ ಖೋಲಿ, ಒಂದ ಮೈಕು. ಗೋಕಾಕದಾಗ ಗಾದಿ ಅಂಗಡಿ ಹಿಂದ. ಹೊರಗಿನ ಗದ್ಲ ಬರಬಾರ್ದಂತ ಗ್ವಾಡಿಗೆಲ್ಲಾ ಗಾದಿ ನಿಂದ್ರಿಸಿದ್ರು."

ಮಾಮು 'ಹೂಂ' ಎಂದು ಎದ್ದ. ನನಗೆ ರೇಗಿತು. ಇದೊಂದು ಪ್ರಶ್ನೆಗಾಗಿ ನಾನು ಹುಕ್ಕೇರಿಯ ತಹಶೀಲ್ದಾರ ಕಚೇರಿಯೆದುರಿನ ನನ್ನ ಝೆರಾಕ್ಸ್ ಅಂಗಡಿಗೆ ಬೀಗ ಹಾಕಿ, ಬೆಳಗಿನ ಬಸ್ಸಿಗೆ ಮೂಡಲಗಿಗೆ ಬಂದು, ಅಲ್ಲಿಂದ ಈ ಅರವತ್ತಮೂರರ ಮನುಷ್ಯನನ್ನು ಅವನದೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದಿದ್ದೆ. ದಾರಿಯುದ್ದಕ್ಕೂ ಸ್ಕೂಟರಿನ ಯಾವ ನಟ್ಟು ಸಡಿಲಾಗಿದೆ ಎಂದು ಹೇಳುತ್ತಿದ್ದನೇ ಹೊರತು ಬೇರೆ ಮಾತಿಲ್ಲ.

ಅಮ್ಮಿಯ ಅಣ್ಣ, ನನ್ನ ಮಾಮು ನಿಜಾಮಸಾಬ ನಲವತ್ತು ವರ್ಷ ಮೂಡಲಗಿಯಲ್ಲಿ ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಮಾಡಿದವನು. ಕಣ್ಣು ಮಂಜಾದ ಮೇಲೆ ಅಂಗಡಿ ಬಿಟ್ಟ, ಕಿವಿ ಬಿಡಲಿಲ್ಲ. ಪೆಟ್ಟಿಗೆ ಬಿಚ್ಚುವ ಮೊದಲೇ ಒಳಗೆ ಏನು ಸತ್ತಿದೆ ಎಂದು ಕೇಳಿಸಿಕೊಂಡೇ ಹೇಳುತ್ತಾನೆ. ಹೀಗಾಗಿ ಸುತ್ತಲಿನ ಊರವರು ಪೊಲೀಸರಿಗೆ ಹೇಳಲಾಗದ ಸಂಗತಿಗಳನ್ನು ಅವನ ಬಳಿ ತರುತ್ತಾರೆ. ಅವನು ಕೇಳುತ್ತಾನೆ, ನಾನು ಬರೆದುಕೊಳ್ಳುತ್ತೇನೆ.

ಈ ಸಲ ತಂದವಳು ಸಪ್ನಾ. ಹುಕ್ಕೇರಿಯ ಕಾಲೇಜಿನಲ್ಲಿ ಪಾಠ ಮಾಡುತ್ತ ನಾಟಕ ಆಡಿಸುವವಳು. ನಾಳೆ ಭಾನುವಾರ ನಾಲ್ಕು ಗಂಟೆಗೆ ಗೋಕಾಕದಲ್ಲಿ ಅವಳ 'ಎರಡನೇ ಭೋಂಗಾ' ರಂಗದ ಮೇಲೆ ಬರಲಿದೆ, ಅದರ ಏಳನೇ ಕ್ಯಾಸೆಟ್ ಗುರುವಾರದಿಂದ ಕಾಣೆಯಾಗಿದೆ.

'ಎರಡನೇ ಭೋಂಗಾ' ಇಪ್ಪತ್ತೆರಡು ವರ್ಷದ ಹಿಂದೆ ಗೋಕಾಕದ ನಾಲ್ಕು ಹುಡುಗರು ಗಿಟಾರು, ಡ್ರಮ್ಮು ಹಿಡಿದು ಮಾಡಿದ ಆಲ್ಬಮ್. ಹನ್ನೊಂದು ಹಾಡು, ಎಲ್ಲ ಸೇರಿ ಒಂದೇ ಕಥೆ. ನೂಲಿನ ಗಿರಣಿಯಲ್ಲಿ ಪಾಳಿ ಮುಗಿಯುವ ಎರಡನೇ ಭೋಂಗಾ, ಅಂದರೆ ಸೈರನ್ನು, ಕೂಗಿದ ಮೇಲೆ ಮಗ ಮನೆಗೆ ಬರಬೇಕು, ಬರುವುದಿಲ್ಲ. ತಾಯಿ ಗಂಗಾಳ ಬಡಿಸಿಕೊಂಡು ಕೂತೇ ಇರುತ್ತಾಳೆ. ಇದಕ್ಕೆ ರಾಕ್ ಒಪೆರಾ ಎನ್ನುತ್ತಾರೆಂದು ಆಗ ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ಹಾಡಿನ ಆಟ ಎಂದರು, ಚಹಾದಂಗಡಿಗಳಲ್ಲಿ ಹಚ್ಚಿ ಹಚ್ಚಿ ಕ್ಯಾಸೆಟ್ಟಿನ ಪಟ್ಟಿ ಸವೆಸಿದರು.

ಅದನ್ನೇ ಈಗ ಸಪ್ನಾ ರಂಗಕ್ಕೆ ತರುತ್ತಿದ್ದಳು. ಒಂದು ಬದಿಗೆ ಗಿಟಾರು, ಡ್ರಮ್ಮು. ಇನ್ನೊಂದು ಬದಿಗೆ ಮಸಗುಪ್ಪಿಯ ಸಣ್ಣಾಟದ ಮೇಳ. ಜನರ ಎದುರೇ ಆಡಿಸಿ, ಜನರ ಕೆಮ್ಮು, ಚಪ್ಪಾಳೆಯ ಸಮೇತ ಅದನ್ನು ರೆಕಾರ್ಡ್ ಮಾಡಿ ಹೊಸ ಆಲ್ಬಮ್ ತರುವುದು ಅವಳ ಲೆಕ್ಕ. ಹಳೆಯ ಹಾಡು ಬರೆದು ಕಟ್ಟಿದ ಅಖ್ತರ ಕುವೈತಿನಲ್ಲಿ ತೀರಿಕೊಂಡು ಹನ್ನೆರಡು ವರ್ಷವಾಯಿತು. ಅವನ ಮನೆಯವರು ಸಪ್ನಾಳಿಗೆ ಒಂದು ಬಿಸ್ಕಿಟ್ ಡಬ್ಬಿ ಕೊಟ್ಟಿದ್ದರು. ಅದರಲ್ಲಿ ಹನ್ನೊಂದು ಅಸಲಿ ಕ್ಯಾಸೆಟ್, ಹಾಡಿಗೊಂದರಂತೆ. ವಾದ್ಯಗಳ ಜೊತೆ ಬೆರೆಸುವ ಮೊದಲು ಹಾಡಿದವರ ದನಿಯನ್ನಷ್ಟೇ ತುಂಬಿಟ್ಟ ಕ್ಯಾಸೆಟ್ಟುಗಳು ಅವು.

ಏಳನೆಯದು ತಾಯಿಯ ಹಾಡು. ಮಾರಾಟಕ್ಕೆ ಬಂದ ಕ್ಯಾಸೆಟ್ಟಿನ ಮುಖಪುಟದಲ್ಲಿ ಎಲ್ಲರ ಹೆಸರಿದೆ, ಚಹಾ ತಂದುಕೊಟ್ಟವನ ಹೆಸರೂ ಇದೆ. ತಾಯಿಯ ದನಿಯ ಮುಂದೆ ಮಾತ್ರ 'ಒಬ್ಬ ತಾಯಿ' ಎಂದಿದೆ.

ಆ ತಾಯಿ ನಾನೇ ಎನ್ನುತ್ತ ಬಂದವಳು ಭರಮವ್ವ. ಊರು ನಂಬಲಿಲ್ಲ. ಮೇಳದಲ್ಲಿ ಹಾಡುತ್ತಿದ್ದವಳು ನಿಜ, ಆದರೆ ಕ್ಯಾಸೆಟ್ಟಿನಲ್ಲಿ ಹಾಡಿದ್ದಾಳೆಂದರೆ? 'ಕ್ಯಾಸೆಟ್ ಭರಮವ್ವ' ಎಂದು ಅಡ್ಡಹೆಸರಿಟ್ಟರು. ಕಳೆ ತೆಗೆಯಲು ಹೋದಲ್ಲಿ ಹೆಂಗಸರು, ನಿಮ್ಮ ಹಾಡಿನ ಪಗಾರ ಬಂತೇನು ಎಂದು ಕೆಣಕುತ್ತಿದ್ದರು. ಇಪ್ಪತ್ತೆರಡು ವರ್ಷ ಆಕೆ ಅದನ್ನು ನುಂಗಿಕೊಂಡಿದ್ದಳು.

ಸಪ್ನಾ ನಂಬಿದಳು. ಆದರೆ ನಂಬಿಕೆ ಬೇರೆ, ಪುರಾವೆ ಬೇರೆ. ಏಳನೇ ಕ್ಯಾಸೆಟ್ಟಿನಲ್ಲಿ ಹಾಡಿನ ಹಿಂದೆ ಮುಂದೆ ಆಡಿದ ಮಾತುಗಳಾದರೂ ಇದ್ದೇ ಇರುತ್ತವೆ, ಕೇಳಿ ಖಾತ್ರಿ ಮಾಡಿಕೊಂಡು ಹೊಸ ಆಲ್ಬಮ್ಮಿನಲ್ಲಿ ನಿಮ್ಮ ಹೆಸರನ್ನೇ ಮೊದಲು ಹಾಕಿಸುತ್ತೇನೆ, ನಾಳೆ ರಂಗದ ಮೇಲೂ ಕರೆಯುತ್ತೇನೆ ಎಂದು ಮಾತು ಕೊಟ್ಟಳು. ಕೇಳುವ ಮೊದಲೇ ಕ್ಯಾಸೆಟ್ ಮಾಯ. ಇಂದು ಸಂಜೆ ಐದಕ್ಕೆ ಮುಖಪುಟ ಅಚ್ಚಿಗೆ ಹೋಗಬೇಕು.

ನಾವು ಹೊರಡುವಾಗ ಭರಮವ್ವ ನನ್ನನ್ನು ಒಳಗೆ ಕರೆದಳು. ಟ್ರಂಕಿನಿಂದ ಒಂದು ಇಳಕಲ್ಲ ಸೀರೆ ತೆಗೆದು ತೋರಿಸಿದಳು. ಮದುವೆಯದಂತೆ. ತಂಬಿಗೆಯಲ್ಲಿ ಕೆಂಡ ತುಂಬಿ ತಾನೇ ಇಸ್ತ್ರಿ ಮಾಡಿ, ನಾಳೆಗೆಂದು ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟಿದ್ದಳು.

"ಹೆಸರ ಹಾಕ್ತಾರಲ್ಲ, ತಂಗಿ?"

ನಾನು ಹಾಕುತ್ತಾರೆ ಎಂದೆ. ಹಾಗೆ ಹೇಳಬಾರದಿತ್ತು ಎಂದು ಗೊತ್ತಿದ್ದೂ ಹೇಳಿದೆ, ಅವಳ ಮುಖ ನೋಡಿದ್ದರೆ ನೀವೂ ಹೇಳುತ್ತಿದ್ದಿರಿ.

ಹೊರಗೆ ಬಂದಾಗ ಮಾಮು ಸ್ಕೂಟರಿಗೆ ಒರಗಿ ನಿಂತಿದ್ದ. ಕಳ್ಳ ಸಿಕ್ಕನೇ ಎಂದು ಕೇಳಿದೆ. ಸಿಕ್ಕ, ಆದರೆ ಸಿಗಬಾರದಿತ್ತು ಎಂದ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವುದು ಅವನ ಹುಟ್ಟುರೋಗ. ನಾನು ಸ್ಕೂಟರಿನ ಚಾವಿಯನ್ನು ಮುಷ್ಟಿಯಲ್ಲಿ ಹಿಡಿದು, ಬಿಡಿಸಿ ಹೇಳುವ ತನಕ ಗಾಡಿ ಚಾಲೂ ಆಗುವುದಿಲ್ಲ ಎಂದೆ.

ನನ್ನ ಸಂಶಯ ಇದ್ದದ್ದು ಶ್ರೀಶೈಲನ ಮೇಲೆ. ಹಳೆಯ ನಾಲ್ವರಲ್ಲಿ ಡ್ರಮ್ಮು ಬಾರಿಸುತ್ತಿದ್ದವನು, ಈಗ ಗೋಕಾಕದಲ್ಲಿ ಮಂಟಪ, ಧ್ವನಿವರ್ಧಕ ಬಾಡಿಗೆಗೆ ಕೊಡುತ್ತಾನೆ. ತಾಯಿಯ ಹಾಡಿನ ದಿನಗಳಲ್ಲಿ ತಾನು ಪುಣೆಗೆ ಹೋಗಿದ್ದೆ, ಹಾಡಿದವರ ಹೆಸರು ಅಖ್ತರನಿಗೆ ಮಾತ್ರ ಗೊತ್ತಿತ್ತು, ಯಾರಿಗೋ ಮಾತು ಕೊಟ್ಟಿದ್ದೇನೆಂದು ಅವನು ಸಾಯುವವರೆಗೂ ಬಾಯಿ ಬಿಡಲಿಲ್ಲ ಎಂಬುದು ಶ್ರೀಶೈಲನ ಹೇಳಿಕೆ. ಭರಮವ್ವನ ಮಾತು ಬಂದರೆ ಮೂಗು ಮುರಿಯುತ್ತಿದ್ದ. ಗುರುವಾರ ಮಧ್ಯಾಹ್ನ ಎಲ್ಲರೂ ಸಭಾಗೃಹ ನೋಡಲು ಗೋಕಾಕಕ್ಕೆ ಹೋದಾಗ, ಹುಕ್ಕೇರಿಯ ತಾಲೀಮಿನ ಖೋಲಿಯಲ್ಲಿ ಉಳಿದವರು ಇಬ್ಬರೇ. ಸ್ಪೀಕರ್ ಸರಿಮಾಡುತ್ತಿದ್ದ ಶ್ರೀಶೈಲ, ಮೊಣಕಾಲು ನೋವೆಂದು ಮಲಗಿದ್ದ ಮೇಳದ ಯಜಮಾನ ಬಸವಣ್ಣೆಪ್ಪ ಮಾಸ್ತರ.

ಮಾಸ್ತರ ಕದಿಯುವುದಕ್ಕೆ ಅರ್ಥವೇ ಇರಲಿಲ್ಲ. ಭರಮವ್ವನ ಪರವಾಗಿ ಇದ್ದ ಒಬ್ಬನೇ ಸಾಕ್ಷಿ ಅವರು. ಇಪ್ಪತ್ತೆರಡು ವರ್ಷದಿಂದ ಆಕೆಯೇ ಹಾಡಿದ್ದು, ನಾನೇ ಕರೆದೊಯ್ದೆ ಎಂದು ಸಾರುತ್ತ ಬಂದವರು. ತಮ್ಮ ಮಾತನ್ನು ಖರೆ ಮಾಡುವ ಪುರಾವೆಯನ್ನು ಯಾರಾದರೂ ಕದಿಯುತ್ತಾರೆಯೇ?

ಉಳಿದ ಹತ್ತು ಕ್ಯಾಸೆಟ್ ಹೇಗಿದ್ದವು ಎಂದು ಮಾಮು ನನ್ನನ್ನೇ ಕೇಳಿದ. ಡಬ್ಬಿ ಬಂದಾಗ ಅರ್ಧಂಬರ್ಧ ಓಡಿದ್ದವು, ಗುರುವಾರದ ಬಳಿಕ ನೋಡಿದರೆ ಎಲ್ಲವನ್ನೂ ಮೊದಲಿಗೆ ಸುತ್ತಿ ಇಡಲಾಗಿತ್ತು ಎಂದೆ. ಅಖ್ತರ ಹೆಸರು, ನಂಬರು ಎಲ್ಲವನ್ನೂ ಉರ್ದುವಿನಲ್ಲಿ ಬರೆದಿದ್ದ. ಓದಲು ಬಾರದವರು ಯಾರೋ ಒಂದೊಂದನ್ನೇ ಹಚ್ಚಿ ಕೇಳಿ, ತಿರುಗಿ ಸುತ್ತಿ, ಇದಲ್ಲ ಇದಲ್ಲ ಎನ್ನುತ್ತ ತಾಯಿಯ ಹಾಡನ್ನು ಹುಡುಕಿದ್ದರು. ಅದು ಇಬ್ಬರಿಗೂ ಹೊಂದುತ್ತದಲ್ಲ ಎಂದೆ.

"ಹೊಂದತೇತಿ. ಅದಕ್ಕ ನಾ ಇವತ್ತ ಸೂರಿನ ಮಾತು ಕೇಳಾಕ ಬಂದೆ," ಎಂದ ಮಾಮು.

ಅವನು ಬಿಡಿಸಿ ಹೇಳಿದ್ದು ಇಷ್ಟು. ಮೇಳದಲ್ಲಿ ಒಬ್ಬರು ಒಂದು ಸೊಲ್ಲು ಹಾಡಿ ಉಸಿರು ತೆಗೆದುಕೊಳ್ಳುವಾಗ, ಹಿಂದೆ ಕೂತವರು ಆ ಕೊನೆಯ ಸ್ವರವನ್ನು ಎತ್ತಿಕೊಂಡು ಹಿಡಿದಿರುತ್ತಾರೆ. ಅದೇ ಸೂರು ಹಿಡಿಯುವುದು. ಮುಂದಿನವರ ಸೊಲ್ಲು ನೆಲಕ್ಕೆ ಬೀಳಬಾರದು ಎಂಬುದು ಮೇಳದ ನೇಮ. ಹನ್ನೆರಡು ವರ್ಷದವರಿದ್ದಾಗಿಂದ ಹಿಡಿದ ಬಸವಣ್ಣೆಪ್ಪನವರ ಗಂಟಲಿಗೆ ಅದು ಉಸಿರಾಡಿದಂತೆ.

ಆದರೆ ಆಲ್ಬಮ್ಮಿನಲ್ಲಿ ತಾಯಿ ಒಂದು ಸೊಲ್ಲು ಹಾಡುತ್ತಾಳೆ, ಆಮೇಲೆ ನಾಲ್ಕು ಮಾತ್ರೆ ಏನೂ ಇಲ್ಲ. ಗಿಟಾರಿಲ್ಲ, ಡ್ರಮ್ಮಿಲ್ಲ. ಮಗ ಓಗೊಡಬೇಕಾದ ಜಾಗ ಅದು, ಖಾಲಿ. ಕೇಳಿದವರ ಕರುಳು ಹಿಂಡುವುದು ಆ ಖಾಲಿ ಜಾಗವೇ. ಇದನ್ನು ರಂಗಕ್ಕೆ ತರುವಾಗ ಸಪ್ನಾಳಿಗೆ ಆದ ದೊಡ್ಡ ತಲೆನೋವೂ ಅದೇ. ಹದಿನೈದು ದಿನದ ತಾಲೀಮಿನಲ್ಲಿ ಪ್ರತಿ ಸಲವೂ ಮಾಸ್ತರ ಆ ಜಾಗದಲ್ಲಿ ಸೂರು ತುಂಬುತ್ತಿದ್ದರು. ಕಾಕಾ, ಅಲ್ಲಿ ಸುಮ್ಮನಿರ್ರಿ ಎಂದು ಸಪ್ನಾ ಕೈ ಮುಗಿದಳು. ಮಾಸ್ತರ ತಲೆಯಾಡಿಸಿದರು, ಮುಂದಿನ ಸೊಲ್ಲಿಗೆ ಮತ್ತೆ ತುಂಬಿದರು. ಕೊನೆಗೆ ಆ ಹಾಡಿನ ಹೊತ್ತಿಗೆ ಅವರನ್ನು ಎಬ್ಬಿಸಿ ಹೊರಗೆ ಕಳಿಸುವುದೆಂದು ತೀರ್ಮಾನವಾಯಿತು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ತಾಲೀಮು ನೋಡಲು ಹೋಗಿದ್ದ ನಾವೆಲ್ಲ ನಕ್ಕಿದ್ದೆವು.

ಮಾಮು ಆವತ್ತು ನಕ್ಕಿರಲಿಲ್ಲ. ಈಗ ನನಗೂ ಅರ್ಥವಾಯಿತು. ಒಂದೇ ಖೋಲಿ, ಒಂದೇ ಮೈಕು, ಭರಮವ್ವನ ಹಿಂದೆ ಮಾಸ್ತರ. ಅಂದಮೇಲೆ ಆ ಖಾಲಿ ಜಾಗ ಖಾಲಿ ಇರಲು ಸಾಧ್ಯವೇ ಇಲ್ಲ. ಒಂದು ಮೈಕಿನಲ್ಲಿ ಸೇರಿದ ಎರಡು ದನಿಯನ್ನು ಬೇರ್ಪಡಿಸುವ ಯಂತ್ರ ಆಗ ಗೋಕಾಕದಲ್ಲಿಯೂ ಇರಲಿಲ್ಲ, ಪುಣೆಯಲ್ಲಿಯೂ ಇರಲಿಲ್ಲ.

"ಹಂಗಾರ ಕ್ಯಾಸೆಟ್ನ್ಯಾಗ ಇರೂ ಹಾಡು..."

"ಭರಮಕ್ಕ ಹಾಡಿದ್ದಲ್ಲ," ಎಂದ ಮಾಮು. "ಆಕಿ ಸುಳ್ಳ ಹೇಳಾಕತ್ತಿಲ್ಲ. ಆಕಿ ಹಾಡ್ಯಾಳ. ಆದ್ರ ಅದು ಇದಲ್ಲ."

ನಾನು ಚಾವಿಯನ್ನು ಅವನ ಕೈಗೆ ಕೊಟ್ಟುಬಿಟ್ಟೆ. ಟ್ರಂಕಿನ ಮೇಲೆ ಪತ್ರಿಕೆಯಲ್ಲಿ ಸುತ್ತಿಟ್ಟ ಸೀರೆ ಕಣ್ಣಿಗೆ ಕಟ್ಟಿತ್ತು. ಗಾಡಿ ಹೊಡೆಯುವುದು ಬೇಡವೆನಿಸಿತು, ಮಾಸ್ತರರ ಮನೆ ಎರಡೇ ಓಣಿಯಾಚೆ ಇತ್ತು, ನಡೆದೇ ಹೋದೆವು.

ಬಸವಣ್ಣೆಪ್ಪ ಮಾಸ್ತರ ಪಡಸಾಲೆಯಲ್ಲಿ ಚಾಪೆಯ ಮೇಲೆ ಕಾಲು ಚಾಚಿ, ಮೊಣಕಾಲಿಗೆ ಬಿಸಿ ಅರಿವೆ ಕಟ್ಟಿಕೊಂಡು ಕೂತಿದ್ದರು. ಎಪ್ಪತ್ತು ದಾಟಿದ ಆಳು. ಪಕ್ಕದಲ್ಲಿ ಬಟ್ಟೆ ಹೊದಿಸಿದ ಹಾರ್ಮೋನಿಯಂ, ಗೆಜ್ಜೆಯ ಗಂಟು ಇಟ್ಟ ಕಟ್ಟಿಗೆಯ ಪೆಟ್ಟಿಗೆ. ಬರ್ರಿ ನಿಜಾಮಸಾಬ್ರ ಎಂದು ಜಾಗ ಸರಿಸಿದರು. ಸೊಸೆ ಚಹಾ ತಂದಿಟ್ಟು ಹೋದಳು.

ಮಾಮು ಚಹಾ ಮುಟ್ಟದೆ ತನ್ನ ಚೀಲದಿಂದ ಸಣ್ಣ ಟೇಪ್‌ರೆಕಾರ್ಡರ್ ತೆಗೆದು ನಡುವೆ ಇಟ್ಟ. ಮಾರಾಟಕ್ಕೆ ಬಂದಿದ್ದ ಹಳೆಯ ಕ್ಯಾಸೆಟ್ ಹಾಕಿದ. ಆವತ್ತು ಭರಮಕ್ಕ ಹಾಡುವಾಗ ನೀವು ಎಲ್ಲಿದ್ದಿರಿ ಎಂದು ಕೇಳಿದ.

ಹಿಂದೆಯೇ ಕೂತಿದ್ದೆ, ಆದರೆ ಸುಮ್ಮನೆ ಕೂತಿದ್ದೆ ಎಂದರು ಮಾಸ್ತರ. ಅಖ್ತರ ಸೂರು ಬೇಡ ಎಂದಿದ್ದ, ಅದಕ್ಕೆ ಹಿಡಿಯಲಿಲ್ಲ ಎಂದರು. ಕೇಳುವ ಮೊದಲೇ ಸೂರಿನ ಮಾತು ಎತ್ತಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು.

ಮಾಮು ಗುಂಡಿ ಒತ್ತಿದ.

*ಎರಡನೇ ಭೋಂಗಾ ಆತೋ ಮಗನ, ಗಂಗಾಳ ತಣ್ಣಗಾತೋ...*

ಖಾಲಿ ಜಾಗ ಬಂತು. ಮಾಸ್ತರರ ಗಂಟಲ ಗುಬ್ಬಿ ಒಮ್ಮೆ ಮೇಲೆ ಹೋಗಿ ಕೆಳಗಿಳಿಯಿತು. ತುಟಿ ಬಿಗಿಹಿಡಿದರು.

*ರೊಟ್ಟಿ ಒಣಗಿತೋ ಮಗನ, ದೀಪಾ ಸಣ್ಣಗಾತೋ...*

ಮತ್ತೆ ಖಾಲಿ. ಮಾಸ್ತರ ಚಾಪೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದರು. ಮೂರನೇ ಸೊಲ್ಲು ಮುಗಿಯಿತು. ಕಣ್ಣು ಮುಚ್ಚಿದರು, ಮುಚ್ಚಿದ್ದೇ ತಪ್ಪಾಯಿತು. ಮೂಗಿನೊಳಗಿನಿಂದ ಸಣ್ಣಗೆ ಸೂರು ಹೊರಟಿತು. ನಾಲ್ಕು ಮಾತ್ರೆ ತುಂಬುವವರೆಗೆ ಅಲುಗದೆ ನಿಂತಿತು. ಎಂಥ ಸೂರು ಅಂತೀರಿ. ನನಗೆ ಹಾಡಿನ ಗಂಧಗಾಳಿ ಇಲ್ಲ, ಆದರೂ ಕಣ್ಣು ತುಂಬಿತು.

ಮಾಮು ಟೇಪ್ ನಿಲ್ಲಿಸಿದ. ಮಾಸ್ತರ ಕಣ್ಣು ತೆರೆದು ನಮ್ಮಿಬ್ಬರನ್ನೂ ನೋಡಿದರು.

"ನಿಮಗ ಸುಮ್ನ ಕುಂದ್ರಾಕ ಬರೂದಿಲ್ರಿ, ಮಾಸ್ತರ," ಎಂದ ಮಾಮು, ಬಹಳ ಮೆತ್ತಗೆ.

ಹಿತ್ತಲಲ್ಲಿ ಸೊಸೆ ಪಾತ್ರೆ ತಿಕ್ಕುವ ಸಪ್ಪಳ ಕೇಳುತ್ತಿತ್ತು. ಆಮೇಲೆ ಮಾಸ್ತರ ಕಟ್ಟಿಗೆಯ ಪೆಟ್ಟಿಗೆಯನ್ನು ಎಳೆದುಕೊಂಡರು. ಗೆಜ್ಜೆಯ ಗಂಟು ಬಿಚ್ಚಿ, ಅದರೊಳಗಿಂದ ಕ್ಯಾಸೆಟ್ ತೆಗೆದು ಚಾಪೆಯ ಮೇಲಿಟ್ಟರು. ಮೇಲೆ ಉರ್ದುವಿನಲ್ಲಿ ಏಳು ಎಂದು ಬರೆದಿತ್ತು.

"ಸುಳ್ಳ ಹೇಳಿದ್ದು ಆಕಿ ಅಲ್ರಿ. ನಾ."

ಒಮ್ಮೆ ಬಾಯಿ ಬಿಟ್ಟ ಮೇಲೆ ಅವರು ಏನನ್ನೂ ಬಚ್ಚಿಡಲಿಲ್ಲ. ಅಖ್ತರ ತಾಯಿಯ ದನಿ ಹುಡುಕುತ್ತ ಮಸಗುಪ್ಪಿಗೆ ಬಂದಿದ್ದನಂತೆ. ಭರಮವ್ವನ ಹಾಡು ಕೇಳಿ ಇದೇ ಎಂದನಂತೆ. ಗಂಡನಿಗೆ ಹೇಳದೆ, ಸಂತೆಗೆ ಹೋಗುತ್ತೇನೆಂದು ಆಕೆ ಮಾಸ್ತರರ ಜೊತೆ ಗೋಕಾಕದ ಬಸ್ಸು ಹತ್ತಿದಳು. ಗಾದಿಗಳ ನಡುವೆ ನಿಂತು ಹಾಡಿದಳು. ಹಾಡು ಮುಗಿದಾಗ ಅಖ್ತರ ಅಳುತ್ತಿದ್ದ. ಮೂರು ವಾರದ ಬಳಿಕ ಅವನು ಒಬ್ಬನೇ ಮಸಗುಪ್ಪಿಗೆ ಬಂದು, ಹೊಲದ ಬದುವಿನ ಮೇಲೆ ಮಾಸ್ತರರ ಎದುರು ಕೂತ.

"ಏನಂದ ಗೊತ್ತೇನ್ರಿ? ಕಾಕಾ, ನಿಮ್ಮ ಸೂರು ಮಗನ ದನಿ ಹಾಂಗ ಕೇಳತೇತಿ. ಕಥಿಯೊಳಗ ಮಗ ಬರಬಾರ್ದು. ನೀವು ಬಂದಬಿಟ್ಟೀರಿ, ಅಂದ."

ಇನ್ನೊಮ್ಮೆ ಭರಮವ್ವನನ್ನು ಕರೆತನ್ನಿರಿ, ಈ ಸಲ ಆಕೆ ಒಬ್ಬಳೇ ಹಾಡಲಿ ಎಂದು ಅಖ್ತರ ಕೇಳಿಕೊಂಡಿದ್ದ. ಬೇರೆ ಯಾರೂ ಅಲ್ಲ, ತಾನು ಹಿಡಿದ ಸೂರೇ ಆಕೆಯ ಹಾಡನ್ನು ಕೆಡಿಸಿತು ಎಂದು ಆಕೆಗೆ ಹೇಳಲು ಮಾಸ್ತರರಿಗೆ ಮುಖವಿರಲಿಲ್ಲ. ಮೇಳದ ಯಜಮಾನನ ಮಾನ ಅಡ್ಡ ಬಂತು. ಆಕೆಗೆ ಮೈಯಲ್ಲಿ ಹುಷಾರಿಲ್ಲ ಎಂದುಬಿಟ್ಟರು. ಅಖ್ತರ ಎರಡು ಸಲ ಬಂದು ಕೇಳಿ, ಕೊನೆಗೆ ಬರುವುದು ಬಿಟ್ಟ.

ಕ್ಯಾಸೆಟ್ ಬಂದ ದಿನ ಭರಮವ್ವ ಚಹಾದಂಗಡಿಯ ಮುಂದೆ ನಿಂತು ಕೇಳಿದಳು. ಇದು ನನ್ನ ದನಿ ಎಂದು ಅತ್ತಳು. ನಿಮ್ಮ ಸೂರು ಏಕಿಲ್ಲ ಎಂದು ಕೇಳಿದಾಗ, ಯಂತ್ರದಲ್ಲಿ ತೆಗೆದಿದ್ದಾರೆ ಎಂದರು ಮಾಸ್ತರ. ಒಂದು ಸುಳ್ಳಿಗೆ ಎರಡನೆಯದು. ಅಲ್ಲಿಂದ ಇಪ್ಪತ್ತೆರಡು ವರ್ಷ ಆಕೆಯ ಪರ ಸಾಕ್ಷಿ ಹೇಳುವುದೇ ಅವರ ಪ್ರಾಯಶ್ಚಿತ್ತವಾಯಿತು.

ಆಕೆಗೆ ತನ್ನ ದನಿಯ ಗುರುತು ಸಿಗಲಿಲ್ಲವೇ ಎಂದು ನಾನು ಕೇಳಿದೆ. ತನ್ನ ದನಿ ತನಗೆ ಹೊರಗಿನಿಂದ ಯಾರಿಗೆ ಕೇಳುತ್ತದೆ ತಂಗಿ ಎಂದರು. ಅದೂ ಅಲ್ಲದೆ ಅಖ್ತರ ಆಮೇಲೆ ಹಾಡಿಸಿದ ಎರಡನೆಯಾಕೆ ಭರಮವ್ವ ಹಾಡಿದ್ದನ್ನೇ ಕೇಳಿ ಕೇಳಿ ಕಲಿತಿದ್ದಾಳೆ, ಒಂದು ಕೊಂಕೂ ಬಿಟ್ಟಿಲ್ಲ, ನನಗೇ ಮೊದಲ ಸಲ ಮೋಸವಾಗುತ್ತಿತ್ತು, ಆದರೆ ಸೂರು ಇರಲಿಲ್ಲವಲ್ಲ ಎಂದರು.

ಎರಡನೆಯಾಕೆ ಯಾರು ಎಂಬುದು ಅವರಿಗೂ ಗೊತ್ತಿರಲಿಲ್ಲ. ಗುರುವಾರ ಶ್ರೀಶೈಲ ಹೊರಗೆ ಹೋದ ಹೊತ್ತಿನಲ್ಲಿ, ಖೋಲಿಯಲ್ಲಿ ತಾಯಿಯ ಹಾಡಿನ ಮೊದಲ ಸೊಲ್ಲು, ಅದರ ಹಿಂದೆ ತಮ್ಮದೇ ಸೂರು ಕೇಳಿದ ಕೂಡಲೇ ಕ್ಯಾಸೆಟ್ ತೆಗೆದು ಕಿಸೆಗಿಟ್ಟರಂತೆ. ಮುಂದೆ ಏನಿದೆ ಎಂದು ಕೇಳುವ ಧೈರ್ಯ ಬರಲಿಲ್ಲವಂತೆ.

"ನಾಳಿ ಆಕಿ ಸೀರಿ ಉಟಗೊಂಡು ಮುಂದ ಕುಂತಿರತಾಳ, ಸಾಹೇಬ್ರ. ಆಕಿ ಹೆಸರ ಇರಲಿ. ಈ ಕ್ಯಾಸೆಟ್ ಸಿಗಲೇ ಇಲ್ಲಂತ ಹೇಳಿಬಿಡ್ರಿ. ನಿಮ್ಮ ಕಾಲ ಬೀಳತೇನಿ."

ಎಪ್ಪತ್ತು ದಾಟಿದ ಮನುಷ್ಯ ನೋಯುವ ಮೊಣಕಾಲು ಮಡಚಲು ಹೊರಟಾಗ ನಾನು ಓಡಿ ಹಿಡಿದುಕೊಂಡೆ. ಕಳ್ಳನನ್ನು ಹಿಡಿದಾಗ ಖುಷಿಯಾಗಬೇಕಲ್ಲವೇ? ನನಗೆ ಅವರನ್ನು ತಬ್ಬಿಕೊಂಡು ಅಳಬೇಕೆನಿಸಿತು.

ಅಷ್ಟರಲ್ಲಿ ನನ್ನ ಫೋನು ಗುಂಯ್‌ಗುಟ್ಟಿತು. ಸಪ್ನಾ. ಏನಾಯಿತು, ಹೆಸರು ಹಾಕಲೋ ಬಿಡಲೋ ಎಂದು ಕೇಳುತ್ತಿದ್ದಳು. ಒಂದು ತಾಸು ಕೊಡಿ ಎಂದೆ. ಮಾಮುವಿನ ಮುಖ ನೋಡಿದೆ. ಅವನು ಏಳನೇ ಕ್ಯಾಸೆಟ್ಟನ್ನು ಅಂಗೈಯಲ್ಲಿ ತಿರುವಿ ತಿರುವಿ ನೋಡುತ್ತಿದ್ದ.

ಇಲ್ಲಿ ಒಂದು ವಿಚಿತ್ರ ನಡೆಯಿತು. ಯಾವ ಪ್ರಕರಣದಲ್ಲೂ ಪೂರ್ತಿ ಕೇಳದೆ ಎದ್ದವನಲ್ಲ ನನ್ನ ಮಾಮು. ಇಂದು ಕ್ಯಾಸೆಟ್ಟನ್ನು ಜೇಬಿಗೆ ಇಳಿಸುತ್ತ, ಮಾಸ್ತರ ಹೇಳುವುದೇ ಸರಿ, ಸಿಗಲಿಲ್ಲ ಎಂದು ಹೇಳಿಬಿಡೋಣ, ನಡಿ ಎಂದ.

ನನಗೆ ಸಿಟ್ಟು ಬಂತು. ಎರಡನೆಯಾಕೆಯೂ ಒಬ್ಬ ಹೆಣ್ಣುಮಗಳೇ ಅಲ್ಲವೇ, ಆಕೆಯೂ ಎಲ್ಲೋ ಕೂತು ಇಪ್ಪತ್ತೆರಡು ವರ್ಷ ತನ್ನ ಹಾಡನ್ನು ತಾನೇ ಕೇಳುತ್ತಿರಬಹುದು, ಆಕೆಯ ಹೆಸರನ್ನು ನುಂಗುವ ಹಕ್ಕು ನಮಗೆ ಯಾರು ಕೊಟ್ಟರು ಎಂದು ವಾದಕ್ಕಿಳಿದೆ. ನಾನು ಅವನ ಜೇಬಿಗೆ ಕೈ ಹಾಕಿ ಕ್ಯಾಸೆಟ್ ಕಿತ್ತುಕೊಂಡು ಟೇಪಿಗೆ ಹಾಕಿದೆ, ಗುಂಡಿ ಒತ್ತಿದೆ.

ಹಾಡು ಬಂತು. ವಾದ್ಯಗಳಿಲ್ಲದ, ಬರೀ ದನಿ. ಮೊದಲ ಸೊಲ್ಲು ಮುಗಿಯುತ್ತಲೇ ಮಾಸ್ತರರ ಅಂದಿನ ಸೂರು ಬಂದು ಅದನ್ನು ಎತ್ತಿಕೊಂಡಿತು. ಅಖ್ತರ ಹೇಳಿದ್ದು ಖರೆ. ಮಗ ಮನೆಗೆ ಬಂದ ಹಾಗೇ ಇತ್ತು.

"ಇದು ನಾ."

ತಿರುಗಿ ನೋಡಿದರೆ ಬಾಗಿಲಲ್ಲಿ ಭರಮವ್ವ. ಕಂಕುಳಲ್ಲಿ ಪತ್ರಿಕೆಯ ಗಂಟು ಇತ್ತು, ಸೀರೆಗೆ ಹೊಂದುವ ಕುಪ್ಪಸವನ್ನು ಮಾಸ್ತರರ ಸೊಸೆಯ ಬಳಿ ಕೇಳಲು ಬಂದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಮಾಸ್ತರ ಗೋಡೆಯತ್ತ ಮುಖ ತಿರುಗಿಸಿದರು.

ಆಕೆ ಒಳಗೆ ಬಂದು ಟೇಪಿನ ಮುಂದೆ ಕೂತಳು. ಹಾಡು ಮುಗಿಯುವವರೆಗೆ ಕದಲಲಿಲ್ಲ. ಮುಗಿದ ಮೇಲೆ ಪಟ್ಟಿ ಸುರ್ರೆನ್ನುತ್ತ ಸುತ್ತಿತು, ಒಂದು ಕಟಕ್ ಸಪ್ಪಳ, ಮತ್ತೆ ಅದೇ ಹಾಡು ಶುರುವಾಯಿತು. ಅದೇ ಕೊಂಕು, ಅದೇ ಎಳೆತ. ಮೊದಲ ಸೊಲ್ಲು ಮುಗಿಯಿತು.

ಖಾಲಿ.

ಭರಮವ್ವನ ಮುಖದಲ್ಲಿ ಎಲ್ಲವೂ ಅರ್ಥವಾಗುತ್ತ ಹೋದದ್ದನ್ನು ನಾನು ಕಂಡೆ. ಚಹಾದಂಗಡಿಯ ಮುಂದೆ, ಹೊಲದಲ್ಲಿ, ಬಸ್ಸಿನಲ್ಲಿ ಇಷ್ಟು ವರ್ಷ ಆಕೆ ಕೇಳಿದ್ದು ಈ ಹಾಡನ್ನು. ಬಯ್ಯುತ್ತಾಳೆ, ಅಳುತ್ತಾಳೆ ಎಂದುಕೊಂಡೆ. ಆಕೆ ಎರಡನೇ ಸೊಲ್ಲು ಕೇಳಿದಳು, ಮೂರನೆಯದನ್ನೂ ಕೇಳಿದಳು. ಪತ್ರಿಕೆಯ ಗಂಟನ್ನು ಮಡಿಲಿನಿಂದ ತೆಗೆದು ನೆಲದ ಮೇಲಿಟ್ಟಳು.

"ಚಲೋ ಹಾಡ್ಯಾಳ," ಎಂದಳು. "ನನಕಿಂತ ಚಲೋ. ಈಕಿ ಯಾರ್ರಿ?"

ಹಾಡು ಮುಗಿಯುವ ಹೊತ್ತಿಗೆ ಮಾಮುವಿನ ಕೈ ಟೇಪಿನತ್ತ ಚಾಚಿತು. ಸಾಕು, ಬಂದ್ ಮಾಡೋಣ ಎಂದ. ಅವನ ಬೆರಳು ಗುಂಡಿ ಮುಟ್ಟುವ ಮೊದಲೇ ಭರಮವ್ವ ಅವನ ಮಣಿಕಟ್ಟು ಹಿಡಿದುಕೊಂಡಳು.

"ಇರಲಿ ಬಿಡ್ರಿ. ಹೆಸರ ಹೇಳತಾಳೇನೋ ಕೇಳೂನು. ಆಕಿ ಹೆಸರೂ ಹೋಗಬಾರ್ದು."

ಟೇಪಿನಲ್ಲಿ ಯಾರೋ ಉಸಿರು ಬಿಟ್ಟ ಸಪ್ಪಳ. ಅಖ್ತರನ ದನಿ, ಸಣ್ಣ ಹುಡುಗನ ಹಾಗೆ, ಅಕ್ಕಾ ಇದ ಇರಲಿ, ಇನ್ನೊಮ್ಮೆ ಬ್ಯಾಡ ಎಂದಿತು. ಬಳೆ ಸರಿಸಿಕೊಂಡ ಸದ್ದು. ಆಮೇಲೆ ಹಾಡಿದಾಕೆ ಮಾತಾಡಿದಳು.

"ಬಾಗಲಾ ತಗೀರಿ, ಬಸ್ಸ ತಪ್ಪತೇತಿ. ಅಲ್ಮಾಸ ಸಾಲಿ ಬಿಟ್ಟ ಬರೂ ಹೊತ್ತಾತು."

ಅಲ್ಮಾಸ ನಾನು. ಆಗ ನನಗೆ ಒಂಬತ್ತು ವರ್ಷ. ಮನೆಯಲ್ಲಿ ಒಂದು ದಿನವೂ ಹಾಡದ, ಈ ಹಾಡು ಎಲ್ಲಿ ಕೇಳಿದರೂ ಒಲೆಯ ಮೇಲಿನ ಹಾಲು ಉಕ್ಕುತ್ತಿದ್ದರೂ ಎದ್ದು ಹೊರಗೆ ಹೋಗುವ ಅಮ್ಮಿ, ಈ ಹೊತ್ತಿಗೆ ಹುಕ್ಕೇರಿಯಲ್ಲಿ ನಮ್ಮಿಬ್ಬರಿಗೂ ಅಡಿಗೆ ಮಾಡಿಟ್ಟು ಕಾಯುತ್ತಿದ್ದಾಳೆ. ನಸೀಮಾಬಿ, ನನ್ನ ಮಾಮುವಿನ ಒಬ್ಬಳೇ ತಂಗಿ.

ನಾನು ಮಾಮುವಿನತ್ತ ತಿರುಗಿದೆ. ಮುಚ್ಚಿದ ರೇಡಿಯೊದೊಳಗೆ ಏನು ಸತ್ತಿದೆ ಎಂದು ಕೇಳಿಯೇ ಹೇಳುವವನು ಇಪ್ಪತ್ತೆರಡು ವರ್ಷ ಆ ಕ್ಯಾಸೆಟ್ಟನ್ನು ತನ್ನ ಅಂಗಡಿಯಲ್ಲೇ ಹಚ್ಚುತ್ತಿದ್ದ. ತಂಗಿಯ ದನಿ ಅವನಿಗೆ ಮೊದಲ ಸೊಲ್ಲಿಗೇ ಗುರುತು ಸಿಕ್ಕಿರಬೇಕು.

"ಅಮ್ಮಿ ಹೆಸರ ಯಾಕ ಮುಚ್ಚಿಟ್ಟಿ, ಮಾಮು?"

ಭರಮವ್ವ ಅವನ ಮಣಿಕಟ್ಟನ್ನು ಇನ್ನೂ ಬಿಟ್ಟಿರಲಿಲ್ಲ. ಸಪ್ನಾಳ ಕರೆಗೆ ನನ್ನ ಕೈಯಲ್ಲಿನ ಫೋನು ಮತ್ತೆ ಗುಂಯ್‌ಗುಡುತ್ತಿತ್ತು.